ಅಟ್ಟ ಹತ್ತಿ ಏಣಿ ಒದ್ದವರು

ಚುನಾವಣೆ ಹತ್ತಿರ ಬಂತೆಂದರೆ ಮಲೆನಾಡಿನ, ಕಾಡಂಚಿನ ಊರುಗಳ ದಾರಿಯಲ್ಲಿ ಒಂದು ಬ್ಯಾನರ್ ಕಾಣಿಸಿಕೊಳ್ಳುತ್ತದೆ. ಎರಡು ಮರಗಳ ನಡುವೆಯೋ ಅರ್ಧಕ್ಕೆ ನಿಂತ ಮೋರಿಯ ಪಕ್ಕದಲ್ಲೋ ಅದನ್ನು ಕಟ್ಟಿರುತ್ತಾರೆ. ರಸ್ತೆ ಇಲ್ಲ, ಸೇತುವೆ ಇಲ್ಲ, ಮತ ಕೇಳಲು ಯಾರೂ ಬರಬೇಡಿ, ಇಂತಿ ಗ್ರಾಮಸ್ಥರು. ಎರಡು ದಿನ ಬಿಟ್ಟು ತಹಶೀಲ್ದಾರರ ಜೀಪು ಬರುತ್ತದೆ. ಅರಳಿಕಟ್ಟೆಯ ಮೇಲೆ ಮನವೊಲಿಕೆ ನಡೆಯುತ್ತದೆ, ಬಾಯಿಮಾತು ಬೇಡ ಬರೆದು ಕೊಡಿ ಎಂದು ಹಿರಿಯರು ಹಟ ಹಿಡಿಯುತ್ತಾರೆ, ಕೊನೆಗೆ ಮತದಾನದ ದಿನ ಮಧ್ಯಾಹ್ನದ ಹೊತ್ತಿಗೆ ಅರ್ಧ ಊರು ಸಾಲಿನಲ್ಲಿ ನಿಂತಿರುತ್ತದೆ. ಐದು ವರ್ಷ ಕಳೆದ ಮೇಲೆ ಮತ್ತೆ ಅದೇ ಮೋರಿ, ಅದೇ ಬ್ಯಾನರ್; ಬಟ್ಟೆಯ ಬದಲು ಫ್ಲೆಕ್ಸ್ ಬಂದಿರಬಹುದು. ಇದನ್ನು ಜನರ ರಾಜಕೀಯ ನಿರಾಸಕ್ತಿ ಎಂದು ಕರೆಯುವವರಿದ್ದಾರೆ. ನಿರಾಸಕ್ತಿ ಇರುವವರು ಕೈಯಿಂದ ದುಡ್ಡು ಹಾಕಿ ಬ್ಯಾನರ್ ಬರೆಸುವುದಿಲ್ಲ, ಮನೆಯಲ್ಲಿ ಹಾಯಾಗಿ ಮಲಗುತ್ತಾರೆ. ಬ್ಯಾನರ್ ಕಟ್ಟುವವರಿಗೆ ಮತದ ಬೆಲೆ ಚೆನ್ನಾಗಿ ಗೊತ್ತು. ಐದು ವರ್ಷಕ್ಕೊಮ್ಮೆ, ಅದೂ ಹದಿನೈದು ದಿನದ ಮಟ್ಟಿಗೆ ಮಾತ್ರ ತಮ್ಮ ಮಾತಿಗೆ ಕಿವಿಯೊಂದು ಸಿಗುತ್ತದೆ ಎಂಬುದೂ ಗೊತ್ತು. ಅವರ ಹತಾಶೆ ಇರುವುದು ಮತ ಹಾಕುವ ದಿನದ ಬಗ್ಗೆ ಅಲ್ಲ, ಅದರ ಮಾರನೆಯ ದಿನದಿಂದ ಶುರುವಾಗುವ ಐದು ವರ್ಷಗಳ ಬಗ್ಗೆ.

2024ರ ಲೋಕಸಭಾ ಚುನಾವಣೆಯಲ್ಲಿ ಈ ಬ್ಯಾನರಿನ ಕಥೆ ಒಂದು ಕಡೆ ಹಳಿ ತಪ್ಪಿತು. ಚಾಮರಾಜನಗರ ಜಿಲ್ಲೆ ಹನೂರು ತಾಲ್ಲೂಕಿನ ಇಂಡಿಗನತ್ತ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಊರು. ರಸ್ತೆ, ನೀರು, ಕರೆಂಟಿನ ಬೇಡಿಕೆ ಈಡೇರಲಿಲ್ಲವೆಂದು ಗ್ರಾಮಸ್ಥರು ಬಹಿಷ್ಕಾರಕ್ಕೆ ನಿಂತಿದ್ದರು. ಏಪ್ರಿಲ್ 26ರಂದು ಅಧಿಕಾರಿಗಳು ಮನವೊಲಿಸಲು ಹೋದಾಗ ಮಾತಿಗೆ ಮಾತು ಬೆಳೆದು, ಕಲ್ಲು ತೂರಾಟವಾಗಿ, ಮತಗಟ್ಟೆ ಧ್ವಂಸವಾಯಿತು, ಮತಯಂತ್ರ ಒಡೆದುಹೋಯಿತು. ಮೂರು ದಿನದ ಬಳಿಕ ಮರುಮತದಾನ ಏರ್ಪಾಡಾಯಿತು. ಬಂಧನಕ್ಕೆ ಹೆದರಿ ಅಷ್ಟರಲ್ಲಿ ಹಲವರು ಊರನ್ನೇ ಬಿಟ್ಟಿದ್ದರು, ಆ ದಿನವೂ ಬಹುಪಾಲು ಮಂದಿ ಮತಗಟ್ಟೆಯತ್ತ ಸುಳಿಯಲಿಲ್ಲ. ಮತಯಂತ್ರ ಒಡೆದದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ದೇಶದ ಸರ್ಕಾರವನ್ನು ಆರಿಸುವ ಯಂತ್ರದ ಮುಂದೆ ನಿಂತು ಊರಿನ ರಸ್ತೆಯ ಲೆಕ್ಕ ಕೇಳಬೇಕಾದ ಸ್ಥಿತಿ ಆ ಊರಿಗೆ ಏಕೆ ಬಂತು? ಲೋಕಸಭೆಗೂ ಹಳ್ಳಿಯ ರಸ್ತೆಗೂ ನೇರ ಸಂಬಂಧವಿಲ್ಲ. ಆ ರಸ್ತೆಯ ಬಗ್ಗೆ ಕೇಳಬೇಕಾದ ಮತದಾನ ಬೇರೆಯೇ ಇತ್ತು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಆ ಚುನಾವಣೆ 2021ರಲ್ಲಿ ನಡೆಯಬೇಕಿತ್ತು, ನಡೆಯಲಿಲ್ಲ. ಕರ್ನಾಟಕದ ಮತದಾರನ ಹತಾಶೆಯ ಬೇರು ಹುಡುಕುವವರು ಮೊದಲು ಅಗೆಯಬೇಕಾದದ್ದು ಇಲ್ಲಿ ಎಂಬುದು ಈ ಲೇಖನದ ವಾದ.

ಮೊದಲು ಮತದಾರನ ಮೇಲಿರುವ ಆರೋಪವನ್ನೇ ನೋಡೋಣ. ಜನಕ್ಕೆ ರಾಜಕೀಯ ಬೇಡವಾಗಿದೆ ಎನ್ನುವುದಾದರೆ ಮತದಾನ ಇಳಿಯಬೇಕಿತ್ತು. ರಾಜ್ಯ ವಿಧಾನಸಭೆಗೆ 2008ರಲ್ಲಿ ಶೇ 65ರ ಆಸುಪಾಸು ಮತದಾನವಾಗಿತ್ತು. 2013ರಲ್ಲಿ ಅದು ಶೇ 71, 2018ರಲ್ಲಿ ಶೇ 72, 2023ರಲ್ಲಿ ಶೇ 73 ದಾಟಿತು. ಯಾರೂ ಬೇಡ ಎನ್ನುವವರಿಗೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಕೊಡಿಸಿದ ನೋಟಾ ಗುಂಡಿಯನ್ನು 2023ರಲ್ಲಿ ಒತ್ತಿದವರು ನೂರಕ್ಕೆ ಒಬ್ಬರಷ್ಟೂ ಇಲ್ಲ. ನೋಟಾಕ್ಕೆ ಎಷ್ಟೇ ಮತ ಬಂದರೂ ನಂತರದ ಸ್ಥಾನದಲ್ಲಿರುವವನೇ ಗೆಲ್ಲುತ್ತಾನೆ. ಹಲ್ಲಿಲ್ಲದ ಈ ಹಾವನ್ನು ಹಿಡಿದು ಏನು ಮಾಡುವುದೆಂದು ಜನ ಬಿಟ್ಟಿದ್ದಾರೆ. ಇನ್ನು ಸರ್ಕಾರ ಬದಲಿಸುವ ವಿಷಯಕ್ಕೆ ಬಂದರೆ, 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ಮರಳಿ ಗೆದ್ದದ್ದೇ ಕೊನೆ. ಅಲ್ಲಿಂದ ಈಚೆಗೆ ಆಳುತ್ತಿದ್ದ ಪಕ್ಷವನ್ನು ಈ ರಾಜ್ಯ ಒಮ್ಮೆಯೂ ಬಹುಮತ ಕೊಟ್ಟು ವಾಪಸ್ ಕರೆದಿಲ್ಲ. ಆ ಹೆಗಡೆಯವರ ಗೆಲುವಿನಲ್ಲೂ ಮತದಾರನ ಜಾಣ್ಮೆ ಇದೆ: 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟವರು, ಮೂರೇ ತಿಂಗಳಲ್ಲಿ ವಿಧಾನಸಭೆಗೆ ಜನತಾ ಪಕ್ಷದ 139 ಮಂದಿಯನ್ನು ಕಳಿಸಿದರು. ದೆಹಲಿಗೆ ಒಂದು ತಕ್ಕಡಿ, ಬೆಂಗಳೂರಿಗೆ ಒಂದು ತಕ್ಕಡಿ. 2023ರಲ್ಲಿ ಕಾಂಗ್ರೆಸ್ಸಿಗೆ 135 ಕೊಟ್ಟ ರಾಜ್ಯ ಮರುವರ್ಷ ಲೋಕಸಭೆಗೆ ಅದೇ ಪಕ್ಷದ ಒಂಬತ್ತೇ ಮಂದಿಯನ್ನು ಆರಿಸಿತು. ಇಷ್ಟು ಲೆಕ್ಕಾಚಾರ ಮಾಡುವ ಮತದಾರನನ್ನು ಮಂಕು ಎನ್ನುವುದು ಕಷ್ಟ.

ಹಾಗಿದ್ದರೆ ಕಟ್ಟೆಯ ಮೇಲಿನ ಮಾತಿನಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ, ‘ಯಾರು ಬಂದರೂ ನಮಗೆ ರಾಗಿ ಬೀಸೋದು ತಪ್ಪಲ್ಲ’ ಎಂಬ ನಿಟ್ಟುಸಿರು ಏಕೆ? ಶಾಂತಿಯುತವಾಗಿ ಸರ್ಕಾರ ಬದಲಿಸುವುದನ್ನು ಇಷ್ಟು ಕರಗತ ಮಾಡಿಕೊಂಡ ರಾಜ್ಯಕ್ಕೆ ಬದಲಾವಣೆಯೇ ಕೈಗೆ ಸಿಗುತ್ತಿಲ್ಲವೆಂದರೆ ಏನರ್ಥ? ಮತದಾರನಿಗೆ ಉಳಿದಿರುವುದು ಶಿಕ್ಷಿಸುವ ಅಧಿಕಾರವೊಂದೇ ಎಂಬುದು ನನಗೆ ಕಾಣುವ ಉತ್ತರ. ತಪ್ಪು ಮಾಡಿದವನನ್ನು ಮನೆಗೆ ಕಳಿಸಬಲ್ಲ, ಬಂದವನ ಕೈಹಿಡಿದು ಕೆಲಸ ಮಾಡಿಸಲಾರ. ಆ ಶಿಕ್ಷೆಯೂ ಎಷ್ಟು ದಿನದ್ದು ಎಂಬುದನ್ನು 2019 ತೋರಿಸಿಕೊಟ್ಟಿತು. ಒಂದು ಪಕ್ಷದ ಚಿಹ್ನೆಯಡಿ ಗೆದ್ದವರು ರಾಜೀನಾಮೆ ಕೊಟ್ಟು ಮುಂಬೈ ಹೋಟೆಲ್ ಸೇರಿದರು, ಜುಲೈನಲ್ಲಿ ಮೈತ್ರಿ ಸರ್ಕಾರ ಬಿತ್ತು, ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದರೂ ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದಿತು. ಡಿಸೆಂಬರಿನ ಉಪಚುನಾವಣೆಯಲ್ಲಿ ಅವರಲ್ಲಿ 13 ಮಂದಿ ಬಿಜೆಪಿಯಿಂದ ನಿಂತು, 11 ಮಂದಿ ಗೆದ್ದು ಬಂದರು.

ಇಲ್ಲಿಗೆ ಬಂದಾಗ ಆಕ್ಷೇಪವೊಂದು ಏಳುತ್ತದೆ, ಅದು ಹಗುರವಾದದ್ದಲ್ಲ. ಪಕ್ಷಾಂತರಿಗಳನ್ನು ಗೆಲ್ಲಿಸಿದವರು ಇದೇ ಮತದಾರರಲ್ಲವೇ? ನೋಟು, ಕುಕ್ಕರು, ಸೀರೆ ಇಸಕೊಂಡವರೂ ಅವರೇ ತಾನೇ? 2023ರ ಚುನಾವಣೆಯ ಹೊತ್ತಿಗೆ ರಾಜ್ಯದಲ್ಲಿ ವಶಪಡಿಸಿಕೊಂಡ ನಗದು, ಮದ್ಯ, ಉಡುಗೊರೆಗಳ ಮೌಲ್ಯ 375 ಕೋಟಿ ರೂಪಾಯಿ ದಾಟಿತ್ತು. ಸಿಕ್ಕಿಬೀಳದ್ದು ಅದರ ಎಷ್ಟು ಪಟ್ಟೋ. ಯಥಾ ಪ್ರಜಾ ತಥಾ ರಾಜಾ, ಇನ್ನು ಹತಾಶೆಯ ಹಾಡೇಕೆ ಎಂದು ಕೇಳಬಹುದು. ಆದರೆ ಉಪಚುನಾವಣೆಯ ಮತದಾರನ ಜಾಗದಲ್ಲಿ ನಿಂತು ನೋಡಿದರೆ ಅವನ ತರ್ಕ ಬೇರೆಯಾಗಿ ಕಾಣುತ್ತದೆ. ತಾಲ್ಲೂಕಿಗೆ ಬರುವ ಹಣದ ಹರಿವು ಶಾಸಕನ ಕೈಯಲ್ಲಿದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ ಎಂಬುದು ಸಣ್ಣ ಮಾತು. ಮನೆ ಯಾರಿಗೆ ಎಂದು ತೀರ್ಮಾನಿಸುವ ಆಶ್ರಯ ಸಮಿತಿ, ಉಳುಮೆ ಮಾಡಿಕೊಂಡಿರುವ ಸರ್ಕಾರಿ ಜಮೀನು ಯಾರಿಗೆ ಮಂಜೂರು ಎಂದು ನೋಡುವ ಬಗರ್ ಹುಕುಂ ಸಮಿತಿ, ಅಧಿಕಾರಿಗಳನ್ನು ಎದುರು ಕೂರಿಸಿಕೊಂಡು ಪ್ರಶ್ನಿಸುವ ತಾಲ್ಲೂಕು ಕೆಡಿಪಿ ಸಭೆ, ಎಲ್ಲಕ್ಕೂ ಅವನೇ ಅಧ್ಯಕ್ಷ. ಆಳುವ ಪಕ್ಷದವನಾದರೆ ವಿಶೇಷ ಅನುದಾನ, ಅಲ್ಲದಿದ್ದರೆ ಧರಣಿ. ಇಂಥ ಏರ್ಪಾಡಿನಲ್ಲಿ ‘ನಮ್ಮ ಶಾಸಕ ಆಳುವ ಪಕ್ಷದಲ್ಲಿದ್ದರೆ ಕೆಲಸವಾಗುತ್ತದೆ’ ಎಂದುಕೊಳ್ಳುವವನನ್ನು ನೀತಿಗೆಟ್ಟವನು ಎನ್ನಲಾಗದು. ನಲ್ಲಿ ಒಂದೇ ಇರುವ ಬೀದಿಯಲ್ಲಿ ನಲ್ಲಿಯ ಪಕ್ಕದ ಮನೆಯವರ ಜೊತೆ ಯಾರೂ ಜಗಳ ಆಡುವುದಿಲ್ಲ. ಪಕ್ಷಾಂತರಕ್ಕೆ ಸಿಗುವ ಬಹುಮಾನ ಮತದಾರನ ಗುಣದಿಂದ ಹುಟ್ಟಿದ್ದಕ್ಕಿಂತ ಹೆಚ್ಚಾಗಿ, ಎಲ್ಲ ಅಧಿಕಾರವೂ ಒಂದೇ ಮೆಟ್ಟಿಲ ಮೇಲೆ ಕುಳಿತಿರುವುದರಿಂದ ಹುಟ್ಟಿದ್ದು. ನೋಟಿನ ಮಾತೂ ಹೀಗೆಯೇ. ಐದು ವರ್ಷ ಕೈಗೆ ಸಿಗದವನು ಒಂದು ರಾತ್ರಿ ಬಾಗಿಲಿಗೆ ಬಂದಾಗ, ಸಿಕ್ಕಿದ್ದೇ ಲಾಭ ಎನ್ನಿಸುವುದು ಹತಾಶೆಯದೇ ಒಂದು ರೂಪ. ಇದನ್ನು ಸಮರ್ಥಿಸುತ್ತಿಲ್ಲ. ಕಾರ್ಯವನ್ನು ಕಾರಣವೆಂದು ತಿಳಿಯಬಾರದು ಎಂದಷ್ಟೇ ಹೇಳುತ್ತಿದ್ದೇನೆ.

ಸಿಟ್ಟು ಬೀದಿಯಿಂದ ಮತಪೆಟ್ಟಿಗೆಗೆ, ಮತಪೆಟ್ಟಿಗೆಯಿಂದ ಆಡಳಿತದ ಒಳಗೆ ಹರಿದುಬಂದ ಚರಿತ್ರೆ ಈ ನಾಡಿಗೆ ಇದೆ, ಅದು ಬಹಳ ಹಳೆಯದೂ ಅಲ್ಲ. 1980ರ ಜುಲೈ 21ರಂದು ಆಗಿನ ಧಾರವಾಡ ಜಿಲ್ಲೆಯ ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಬೀದಿಗೆ ಇಳಿದರು. ಕಾಲುವೆಯ ನೀರು ಹೊಲಕ್ಕೆ ಸರಿಯಾಗಿ ಬಾರದಿದ್ದರೂ ಬೆಟರ್‌ಮೆಂಟ್ ಲೆವಿ ಎಂಬ ಕರದ ನೋಟಿಸು ಮಾತ್ರ ಮನೆಗೆ ಬರುತ್ತಿತ್ತು. ಗೋಲಿಬಾರ್ ಆಯಿತು, ಎರಡೂ ಕಡೆ ಜೀವ ಹೋದವು. ಸಿಟ್ಟು ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು, ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು, ಎರಡು ವರ್ಷದಲ್ಲಿ ಗೋಕಾಕ್ ಚಳವಳಿ ಬಂತು. 1983ರ ಜನವರಿಯಲ್ಲಿ ಗುಂಡೂರಾಯರ ಸರ್ಕಾರ ಸೋತು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಜನತಾ ಪಕ್ಷಕ್ಕೆ ಸಿಕ್ಕಿದ್ದು 95 ಸ್ಥಾನ, ಕಾಂಗ್ರೆಸ್ಸಿಗೆ 82. ಕಥೆ ಇಲ್ಲಿಗೇ ನಿಂತಿದ್ದರೆ ಅದೂ ಮುಖ ಬದಲಾಯಿಸಿದ ಇನ್ನೊಂದು ಚುನಾವಣೆಯಾಗಿ ಮರೆತುಹೋಗುತ್ತಿತ್ತು. ನಿಲ್ಲಲಿಲ್ಲ. ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ನೋಡಿಕೊಂಡ ಅಬ್ದುಲ್ ನಜೀರ್ ಸಾಬರು, ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎನ್ನಿಸಿಕೊಂಡವರು, ಅದೇ 1983ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯಿದೆ ತಂದರು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ 25 ಮೀಸಲು. ಸಂವಿಧಾನದಲ್ಲಿ ಆ ಮಾತು ಬರುವುದಕ್ಕೆ ಇನ್ನೂ ಆರು ವರ್ಷ ಬಾಕಿಯಿತ್ತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿ, ಆ ಹುದ್ದೆಗೆ ಬರುತ್ತಿದ್ದ ಅಧಿಕಾರಿ ಜಿಲ್ಲಾಧಿಕಾರಿಗಿಂತ ಹಿರಿಯ. ಬ್ರಿಟಿಷರ ಕಾಲದಿಂದ ಜಿಲ್ಲೆಯ ದೊರೆಯಾಗಿದ್ದ ಕಲೆಕ್ಟರ್, ಜನ ಆರಿಸಿದ ಸಭೆಯ ಅಧಿಕಾರಿಯ ಮುಂದೆ ಕಿರಿಯನಾದ. ಕಡತದ ಭಾಷೆಯಲ್ಲಿ ಇದೊಂದು ಸಣ್ಣ ಆದೇಶ, ಜಿಲ್ಲೆಯ ಜನರ ಕಣ್ಣಿಗೆ ಅದು ದೊಡ್ಡ ಉಲ್ಟಾಪಲ್ಟಾ. ಶಾಂತಿಯುತ ಬದಲಾವಣೆ ಎಂಬ ಮಾತಿಗೆ ನಮ್ಮಲ್ಲೊಂದು ದೇಶೀ ಅರ್ಥವಿದ್ದರೆ ಅದು ಇದು: ನರಗುಂದದ ಗುಂಡಿನಿಂದ ಜಿಲ್ಲಾ ಪರಿಷತ್ತಿನ ಮೇಜಿನವರೆಗೆ ಆರೂವರೆ ವರ್ಷದ ದಾರಿ.

ಏಣಿಯನ್ನು ಒದೆಯುವ ಕೆಲಸವೂ ಆಗಲೇ ಶುರುವಾಯಿತು. ನಜೀರ್ ಸಾಬರು 1988ರಲ್ಲಿ ತೀರಿಕೊಂಡರು. 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ನಡೆಸುವ ಬದಲು ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಅಷ್ಟರಲ್ಲಿ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಬಂದು, ಸ್ಥಳೀಯ ಸಂಸ್ಥೆಯ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ, ಮುಗಿಯುವುದರೊಳಗೆ ಹೊಸ ಚುನಾವಣೆ ಆಗಲೇಬೇಕು ಎಂದು ಬರೆದಿಟ್ಟವು. ಬರೆದದ್ದು ಬರೆದ ಹಾಗೆಯೇ ಇದೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. 2021ರ ಬೇಸಿಗೆಗೆ ಅವಧಿ ಮುಗಿಯಿತು. ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮುಗಿಸಿ ಮೀಸಲಾತಿ ಪಟ್ಟಿಯ ಕರಡು ಹೊರಡಿಸಿದ್ದಾಗ, ವಿಧಾನಮಂಡಲ ಕಾಯಿದೆಗೆ ತಿದ್ದುಪಡಿ ತಂದು ಆ ಅಧಿಕಾರವನ್ನೇ ಆಯೋಗದಿಂದ ಕಿತ್ತು ಬೇರೆ ಕ್ಷೇತ್ರ ಪುನರ್‌ವಿಂಗಡಣಾ ಆಯೋಗಕ್ಕೆ ಕೊಟ್ಟಿತು. ಮತ್ತೆ ಮೊದಲಿನಿಂದ ಗೆರೆ ಎಳೆಯುವ ಕೆಲಸ, ಮತ್ತೆ ನ್ಯಾಯಾಲಯ, ಮತ್ತೆ ಕಾಲಾವಕಾಶ. 2025 ಬಂದರೂ ಚುನಾವಣೆ ನಡೆದಿರಲಿಲ್ಲ. ಬೆಂಗಳೂರಿನದು ಇನ್ನೂ ಸೊಗಸು. ಪಾಲಿಕೆಯ ಕೊನೆಯ ಚುನಾವಣೆ 2015ರ ಆಗಸ್ಟಿನಲ್ಲಿ ಆಯಿತು, ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆರು ವಾರದಲ್ಲಿ ಚುನಾವಣೆ ಘೋಷಿಸಿ ಎಂದು ಹೈಕೋರ್ಟ್ ಆ ಡಿಸೆಂಬರಿನಲ್ಲಿ ಹೇಳಿದರೆ ಎರಡೇ ವಾರದಲ್ಲಿ ಸುಪ್ರೀಂ ಕೋರ್ಟಿನಿಂದ ತಡೆ ಬಂತು. 198 ವಾರ್ಡುಗಳು 243 ಆದವು, ಆಮೇಲೆ 225 ಆದವು, 2025ರಲ್ಲಿ ಪಾಲಿಕೆಯೇ ಐದು ಹೋಳಾಯಿತು. ಐದು ವರ್ಷದ ಒಂದು ಇಡೀ ಅವಧಿ ಚುನಾಯಿತ ಸದಸ್ಯನೊಬ್ಬನ ಮುಖವನ್ನೂ ನೋಡದೆ ಕಳೆದುಹೋಯಿತು. ಈ ಕಾಲದಲ್ಲಿ ರಾಜ್ಯ ಆಳಿದ್ದು ಮೊದಲು ಬಿಜೆಪಿ, ನಂತರ ಕಾಂಗ್ರೆಸ್. ವಿರೋಧ ಪಕ್ಷದಲ್ಲಿದ್ದಾಗ ‘ಕೂಡಲೇ ಚುನಾವಣೆ ನಡೆಸಿ’, ಅಧಿಕಾರಕ್ಕೆ ಬಂದಾಗ ‘ಸರ್ಕಾರ ಸಿದ್ಧವಿದೆ, ಕಾನೂನು ತೊಡಕಿದೆ’. ಇಬ್ಬರ ಬಾಯಲ್ಲೂ ಎರಡೂ ಮಾತು ಕೇಳಿದ್ದೇವೆ.

ಕಾನೂನು ತೊಡಕು ಎಂಬುದು ಪೂರ್ತಿ ನೆಪವಲ್ಲ ಎಂದು ಒಪ್ಪಬೇಕು. ಹಿಂದುಳಿದ ವರ್ಗಗಳ ಮೀಸಲಾತಿಗೆ ಅಂಕಿ ಅಂಶದ ಆಧಾರ ಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು ನಿಜ, ಆ ಮೀಸಲಾತಿ ಇಲ್ಲದೆ ಚುನಾವಣೆಗೆ ಹೋಗುವುದು ಅನ್ಯಾಯವೆಂಬ ಭಾವನೆಯಲ್ಲಿ ಹುರುಳಿದೆ. ಆದರೆ 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಕ್ಷೇತ್ರ ವಿಂಗಡಣೆಯಾಗಲಿ ಮೀಸಲಾತಿಯ ಲೆಕ್ಕವಾಗಲಿ ಮುಗಿದಿಲ್ಲವೆಂದು ಚುನಾವಣೆಯನ್ನು ಮುಂದೂಡುವಂತಿಲ್ಲ ಎಂದಿದೆ. ವಿಧಾನಸಭೆಯ ಅವಧಿ ಮುಗಿಯುವಾಗ ಇಂಥ ಒಂದು ತೊಡಕೂ ಎದುರಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ತೊಡಕುಗಳೆಲ್ಲ ಕೆಳಗಿನ ಮೆಟ್ಟಿಲ ಮೇಲೆಯೇ ಬಂದು ಏಕೆ ಕೂರುತ್ತವೆ? ಕಾರಣ ಗೂಢವೇನಲ್ಲ. ಜಿಲ್ಲಾ ಪಂಚಾಯಿತಿ ಸದಸ್ಯ ಇವತ್ತು ರಸ್ತೆಯ ಕಾಮಗಾರಿಯಲ್ಲಿ ಪಾಲು ಕೇಳುತ್ತಾನೆ, ಗುದ್ದಲಿ ಪೂಜೆಗೆ ತನ್ನನ್ನೂ ಕರೆಯಬೇಕೆನ್ನುತ್ತಾನೆ, ನಾಳೆ ಅದೇ ಕ್ಷೇತ್ರದಿಂದ ಟಿಕೆಟ್ ಕೇಳುತ್ತಾನೆ. ಎಷ್ಟೋ ಶಾಸಕರು ಆ ಮೆಟ್ಟಿಲನ್ನು ಹತ್ತಿಯೇ ವಿಧಾನಸೌಧಕ್ಕೆ ಬಂದವರಾದ್ದರಿಂದ ಮುಂದಿನವರು ಹತ್ತುವ ಸದ್ದು ಅವರಿಗೆ ಬೇಗ ಕೇಳಿಸುತ್ತದೆ. ಒಬ್ಬ ಶಾಸಕ ಸರಾಸರಿ ಎರಡು ಲಕ್ಷಕ್ಕೂ ಹೆಚ್ಚು ಮತದಾರರಿಗೆ ಪ್ರತಿನಿಧಿ. ಅಷ್ಟು ದೊಡ್ಡ ಕ್ಷೇತ್ರವನ್ನು ಮುಟ್ಟಲು ಬೇಕಾಗುವ ಹಣ ಇರುವವರಷ್ಟೇ ಅಲ್ಲಿಗೆ ಬರುತ್ತಾರೆ. 2023ರಲ್ಲಿ ಗೆದ್ದವರ ಪ್ರಮಾಣಪತ್ರಗಳನ್ನು ಎಡಿಆರ್ ಸಂಸ್ಥೆ ಲೆಕ್ಕ ಹಾಕಿದಾಗ ನೂರಕ್ಕೆ 97 ಮಂದಿ ಕೋಟ್ಯಧಿಪತಿಗಳಾಗಿದ್ದರು. ಗೆದ್ದ ಮಹಿಳೆಯರು ಕೇವಲ 10. ಅದೇ ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಕ್ಕೆ ಒಬ್ಬ ಸದಸ್ಯ, ರಾಜ್ಯದಾದ್ಯಂತ 90 ಸಾವಿರದಷ್ಟು ಮಂದಿ, ಅವರಲ್ಲಿ ಅರ್ಧದಷ್ಟು ಹೆಂಗಸರು. ಯಾವ ಬಾಗಿಲಿನಿಂದ ಸಾಮಾನ್ಯರು ಒಳಗೆ ಬರಬಹುದು ಎಂಬುದಕ್ಕೆ ಬೇರೆ ಪುರಾವೆ ಬೇಡ.

‘ಪಂಚಾಯಿತಿಗಳೇನು ಪವಿತ್ರವೇ? ವಿಧಾನಸೌಧದ ಕೊಳೆಯನ್ನು ಊರೂರಿಗೆ ಹಂಚಿದಂತಾಯಿತು, ಅಷ್ಟೇ’ ಎನ್ನುವವರಿದ್ದಾರೆ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಕೆಲವು ಊರುಗಳು ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂದದ್ದು ಸುಳ್ಳಲ್ಲ. ಮೀಸಲು ಸ್ಥಾನದಲ್ಲಿ ಹೆಂಡತಿ ಅಧ್ಯಕ್ಷೆ, ಸಹಿಯಷ್ಟೇ ಆಕೆಯದು, ಖುರ್ಚಿಯಲ್ಲಿ ಗಂಡ; ಇದೂ ಕಂಡದ್ದೇ. ನರೇಗಾದ ಬಿಲ್ಲಿನಲ್ಲಿ ಸತ್ತವರೂ ಕೂಲಿ ಮಾಡಿದ್ದಾರೆ. ಹಳ್ಳಿಯೆಂದರೆ ಮುಗ್ಧತೆ ಎನ್ನುವ ಭಾವುಕತೆ ನನಗಿಲ್ಲ. ಹಳ್ಳಿಯೆಂದರೆ ಅಜ್ಞಾನ, ಸಂಕುಚಿತ ಬುದ್ಧಿ, ಕೋಮುವಾದಗಳ ಗುಹೆ ಎಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲೇ ಎಚ್ಚರಿಸಿದ್ದರು. ಆದರೆ ಈ ಭ್ರಷ್ಟಾಚಾರ ನಮಗೆ ಇಷ್ಟು ವಿವರವಾಗಿ ಗೊತ್ತಾದದ್ದು ಹೇಗೆ ಎಂದು ಕೇಳಿಕೊಳ್ಳೋಣ. ಯಾವ ಮೋರಿಗೆ ಎಷ್ಟು ಸಿಮೆಂಟು ಹಾಕಿದರು, ಯಾರ ಹೆಸರಿಗೆ ದನದ ಕೊಟ್ಟಿಗೆ ಮಂಜೂರಾಗಿ ಯಾರ ಮನೆಯ ಹಿಂದೆ ಎದ್ದಿತು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಕದ್ದವನು ಸಂಜೆ ಅದೇ ಬೀದಿಯಲ್ಲಿ ನಡೆದು ಮನೆಗೆ ಹೋಗಬೇಕು. ಗ್ರಾಮಸಭೆಯಲ್ಲಿ ಒಬ್ಬ ಮುದುಕಿ ಎದ್ದು ನಿಂತು ಕೇಳಿದರೆ ಪಿಡಿಒ ಕಡತ ತೆರೆಯಬೇಕಾಗುತ್ತದೆ, ಕೊನೆಯಪಕ್ಷ ತಲೆ ತಗ್ಗಿಸಬೇಕಾಗುತ್ತದೆ. ಸಾವಿರಾರು ಕೋಟಿಯ ನೀರಾವರಿ ಟೆಂಡರಿನ ಬಗ್ಗೆ ಆ ಮುದುಕಿಗೆ ಅಂಥ ಅವಕಾಶವಿಲ್ಲ. ಸಣ್ಣ ಕಳ್ಳತನ ಕಣ್ಣಿಗೆ ಬೀಳುತ್ತದೆ ಎಂಬುದೇ ಅದರ ಮದ್ದಿನ ಮೊದಲ ಅರ್ಧ.

ಅಧಿಕಾರಿಗಳೇ ವಾಸಿ ಎನ್ನುವ ಇನ್ನೊಂದು ವಾದ ನಗರಗಳ ಮಧ್ಯಮ ವರ್ಗದಲ್ಲಿ ಬಲವಾಗಿದೆ. ಕಾರ್ಪೊರೇಟರ್ ಇಲ್ಲದ್ದರಿಂದ ಏನು ನಷ್ಟವಾಯಿತು, ಪರ್ಸೆಂಟೇಜ್ ಕೇಳುವ ಕೈಯೊಂದು ಕಡಿಮೆಯಾಯಿತಲ್ಲ ಎನ್ನುತ್ತಾರೆ. ಬೆಂಗಳೂರಿನ ಮತದಾರ ಈ ಮಾತಿಗೆ ಪುರಾವೆ ಒದಗಿಸುವಂತೆಯೂ ಕಾಣುತ್ತದೆ: 2015ರ ಪಾಲಿಕೆ ಚುನಾವಣೆಯಲ್ಲಿ ಅರ್ಧದಷ್ಟು ಮಂದಿಯೂ ಮತ ಹಾಕಲಿಲ್ಲ. ಹತ್ತಿರದ ಸಂಸ್ಥೆಯೇ ಹತಾಶೆಗೆ ಮದ್ದಾಗಿದ್ದರೆ ಇಲ್ಲಿ ಸಾಲುಗಟ್ಟಿ ನಿಲ್ಲಬೇಕಿತ್ತಲ್ಲವೇ? ಇದು ನನ್ನ ವಾದಕ್ಕೆ ಎದುರಾಗುವ ಅತ್ಯಂತ ಗಟ್ಟಿ ಪ್ರಶ್ನೆ. ಅದಕ್ಕೆ ಉತ್ತರ ಇನ್ನೊಂದು ಅಂಕಿಯಲ್ಲಿದೆ. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ, ಅದೂ ಕೊರೊನಾ ಕಾಲದಲ್ಲಿ, ಶೇ 80ಕ್ಕೂ ಹೆಚ್ಚು ಮತದಾನವಾಯಿತು. ಒಂದೇ ರಾಜ್ಯ, ಎರಡೂ ಸ್ಥಳೀಯ ಸಂಸ್ಥೆಯೇ. ಹಳ್ಳಿಯ ಸದಸ್ಯನ ಪಾಲಿಗೆ 400 ಜನ. 2011ರ ಜನಗಣತಿಯ ಲೆಕ್ಕದಲ್ಲಿ ಬೆಂಗಳೂರಿನ ಒಂದು ವಾರ್ಡಿಗೆ ಸರಾಸರಿ 40 ಸಾವಿರಕ್ಕೂ ಹೆಚ್ಚು. ನೂರು ಪಟ್ಟು ವ್ಯತ್ಯಾಸ. ಅಷ್ಟು ಜನಕ್ಕೆ ಒಬ್ಬನಾದ ಕಾರ್ಪೊರೇಟರ್ ಕೈಯಲ್ಲಾದರೂ ಏನಿತ್ತು? ನೀರು ಜಲಮಂಡಳಿಯದು, ನಿವೇಶನ ಬಿಡಿಎಯದು, ಬಸ್ಸು ಬಿಎಂಟಿಸಿಯದು, ಕರೆಂಟು ಬೆಸ್ಕಾಂನದು. ಮೇಯರ್ ಗೌನು ತೊಟ್ಟು ಕುಳಿತಿರುತ್ತಿದ್ದದ್ದು ಒಂದೇ ವರ್ಷ. ಮತ ಹಾಕಿದರೂ ನಲ್ಲಿಯಲ್ಲಿ ನೀರು ಬರುವ ದಿನ ಬದಲಾಗುವುದಿಲ್ಲವೆಂದು ಗೊತ್ತಿದ್ದವನು ರಜೆಯ ದಿನ ಮನೆಯಲ್ಲಿ ಉಳಿದರೆ ಅವನನ್ನು ಸೋಮಾರಿ ಎಂದು ಜರಿದು ಏನು ಫಲ? ಬೆಂಗಳೂರಿನ ಕಡಿಮೆ ಮತದಾನ ಸ್ಥಳೀಯ ಆಡಳಿತ ವ್ಯರ್ಥ ಎನ್ನುವುದಕ್ಕೆ ಸಾಕ್ಷಿಯಲ್ಲ. ಹೆಸರಿಗೆ ಮಾತ್ರ ಸ್ಥಳೀಯವಾದದ್ದನ್ನು ಜನ ಗುರುತು ಹಿಡಿಯುತ್ತಾರೆ ಎನ್ನುವುದಕ್ಕೆ ಸಾಕ್ಷಿ. ಅಧಿಕಾರಿಯ ವಿಷಯಕ್ಕೆ ಬಂದರೆ, ಒಳ್ಳೆಯ ಅಧಿಕಾರಿ ಸಿಕ್ಕ ಊರಿಗೆ ಅದು ಅದೃಷ್ಟ. ಆತ ವರ್ಗವಾಗಿ ಹೋದ ಮಾರನೆಯ ದಿನ ಆ ಅದೃಷ್ಟಕ್ಕೆ ಯಾರ ಹತ್ತಿರ ಹೋಗುವುದು?

ದೇಶದ ದೊಡ್ಡ ರೋಗಗಳಿಗೆ, ಚುನಾವಣೆಯ ಹಣ, ದ್ವೇಷದ ಭಾಷಣ, ಕುಟುಂಬ ರಾಜಕಾರಣಗಳಿಗೆ, ಒಬ್ಬ ಜಿಲ್ಲಾ ಪಂಚಾಯಿತಿ ಸದಸ್ಯ ಏನು ಮಾಡಿಯಾನು ಎಂದು ಕೇಳಿದರೆ ಉತ್ತರ ಸರಳ: ಹೆಚ್ಚೇನೂ ಮಾಡಲಾರ. ಇಂಡಿಗನತ್ತದ ರಸ್ತೆಯನ್ನೂ ಅವನು ತಂದೇಬಿಡುತ್ತಿದ್ದ ಎನ್ನಲಾಗದು. ಕಾಡಿನೊಳಗೆ ಡಾಂಬರು ಹಾಕಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಅದು ಜಿಲ್ಲೆಯ ಕೈಯಲ್ಲಿಲ್ಲ. ತಾಲ್ಲೂಕು ಪಂಚಾಯಿತಿಯಂತೂ ಮೊದಲಿನಿಂದಲೂ ಮಧ್ಯದ ಮಗುವಿನಂತೆ, ದುಡ್ಡೂ ಇಲ್ಲ ಕೆಲಸವೂ ಇಲ್ಲ. ಅದನ್ನು ತೆಗೆದುಬಿಡೋಣ ಎಂಬ ಚರ್ಚೆ ಎಲ್ಲ ಪಕ್ಷಗಳಲ್ಲೂ ನಡೆದಿದೆ, ಸಂವಿಧಾನ ಮೂರು ಹಂತ ಎನ್ನುವುದರಿಂದ ಉಳಿದುಕೊಂಡಿದೆ. ನಾನು ಹೇಳುತ್ತಿರುವುದು ಅದಕ್ಕಿಂತ ಚಿಕ್ಕ ಮಾತು. ರಸ್ತೆ ಏಕೆ ಆಗಲಿಲ್ಲ, ಕಡತ ಯಾವ ಮೇಜಿನ ಮೇಲೆ ನಿಂತಿದೆ ಎಂಬುದನ್ನು ಊರಿಗೆ ಬಂದು ಹೇಳಬೇಕಾದ, ಹೇಳದಿದ್ದರೆ ಮುಂದಿನ ಸಲ ಸೋಲುವ ಒಬ್ಬ ಮನುಷ್ಯ ಆ ಜಾಗದಲ್ಲಿ ಇರಬೇಕು. ಇಲ್ಲದಿದ್ದರೆ ಕುಗ್ರಾಮದ ಸಿಟ್ಟಿಗೂ ರಾಜಧಾನಿಯ ಅಧಿಕಾರಕ್ಕೂ ನಡುವೆ ಇರುವುದು ಒಂದು ಜೀಪು ಮತ್ತು ನಾಲ್ಕು ಪೊಲೀಸರು. ಬದಲಾವಣೆ ಬೇಕು ಎನ್ನುವವರು ಸಾಮಾನ್ಯವಾಗಿ ಮೇಲೆ ನೋಡುತ್ತಾರೆ. ಹೊಸ ಪಕ್ಷ ಬರಲಿ, ಪ್ರಾಮಾಣಿಕ ನಾಯಕನೊಬ್ಬ ಹುಟ್ಟಲಿ, ಕೈಯಲ್ಲಿ ಚಾಟಿ ಹಿಡಿದವನೊಬ್ಬ ಬಂದು ಎಲ್ಲರನ್ನೂ ಸರಿಮಾಡಲಿ. ಚಾಟಿಯ ಆಸೆ ಹತಾಶೆಯ ಕೊನೆಯ ಹಂತ, ಅದರ ಬಗ್ಗೆ ಭಯ ಇಟ್ಟುಕೊಳ್ಳುವುದು ಒಳ್ಳೆಯದು. ಒಬ್ಬನೇ ಎಲ್ಲವನ್ನೂ ಸರಿಮಾಡಬಲ್ಲಷ್ಟು ಅಧಿಕಾರ ಒಂದು ಕಡೆ ಸೇರಿದ್ದರಿಂದಲೇ ತಾನೇ ಜನ ಮೋರಿಯ ಪಕ್ಕ ಬ್ಯಾನರ್ ಕಟ್ಟುವಂತಾದದ್ದು.

ಏನು ಮಾಡಬೇಕೆಂಬುದಕ್ಕೆ ಹೊಸ ಕಾಯಿದೆಯ ಅಗತ್ಯ ಅಷ್ಟಾಗಿಲ್ಲ, ಇರುವುದನ್ನು ತಿದ್ದಿದರೆ ಸಾಕು. ಕ್ಷೇತ್ರ ವಿಂಗಡಣೆಯ ಅಧಿಕಾರ ರಾಜ್ಯ ಚುನಾವಣಾ ಆಯೋಗಕ್ಕೆ ವಾಪಸ್ ಹೋಗಬೇಕು, ಅವಧಿ ಮುಗಿಯುವ ಆರು ತಿಂಗಳ ಮೊದಲಿನಿಂದ ಸರ್ಕಾರ ಗೆರೆಗಳನ್ನು ಮುಟ್ಟದಂತೆ ಇರಬೇಕು, ಬಗರ್ ಹುಕುಂ, ಆಶ್ರಯದಂಥ ಸಮಿತಿಗಳ ಅಧ್ಯಕ್ಷತೆ ಶಾಸಕರಿಂದ ಸ್ಥಳೀಯ ಸಂಸ್ಥೆಗಳಿಗೆ ಇಳಿಯಬೇಕು. ಮೂರನೆಯದಕ್ಕೆ ಯಾವ ಪಕ್ಷದ ಶಾಸಕನೂ ತಾನಾಗಿ ಕೈ ಎತ್ತುವುದಿಲ್ಲ. ಆದರೆ ಮತ ಕೇಳಲು ಬಂದವನ ಮುಂದೆ ಬ್ಯಾನರ್ ಹಿಡಿಯುವ ಊರುಗಳು ರಸ್ತೆ ಎಲ್ಲಿ ಎಂದು ಕೇಳುವುದರ ಜೊತೆಗೆ ಜಿಲ್ಲಾ ಪಂಚಾಯಿತಿ ಚುನಾವಣೆ ಯಾವಾಗ ಎಂದೂ ಕೇಳತೊಡಗಿದರೆ, ಆ ಪ್ರಶ್ನೆಗೆ ಕಲ್ಲಿಗಿಂತ ಹೆಚ್ಚು ತೂಕ ಬರುತ್ತದೆ. 1983ರಲ್ಲಿ ಬಂದಿತ್ತು.

ಕೇಳುವುದಕ್ಕೆ ಸಮಯವೂ ಹೆಚ್ಚಿಲ್ಲ. ಮೂರು ಹಂತಗಳಲ್ಲಿ ಉಳಿದಿದ್ದ ಕೊನೆಯದಾದ ಗ್ರಾಮ ಪಂಚಾಯಿತಿಗಳಿಗೆ 2020ರ ಡಿಸೆಂಬರಿನಲ್ಲಿ ಆಯ್ಕೆಯಾದವರ ಐದು ವರ್ಷ ತುಂಬುವುದು 2026ರ ಮೊದಲ ತಿಂಗಳುಗಳಿಗೆ. ಅಧ್ಯಕ್ಷರ ಕೊಠಡಿಯ ಬಾಗಿಲ ಮೇಲಿನ ಹೆಸರು ಅಳಿಸಿ ‘ಆಡಳಿತಾಧಿಕಾರಿ’ ಎಂದು ಬರೆಯಲು ಒಬ್ಬ ಪೇಂಟರಿಗೆ ಅರ್ಧ ದಿನ ಸಾಕು. ಹಾಗೆ ಬರೆದದ್ದನ್ನು ಮತ್ತೆ ಅಳಿಸಲು ಎಷ್ಟು ಕಾಲ ಹಿಡಿಯುತ್ತದೆ ಎಂದು ತಿಳಿಯಬೇಕಾದವರು ಯಾವುದಾದರೂ ಜಿಲ್ಲಾ ಪಂಚಾಯಿತಿ ಕಚೇರಿಗೆ ಹೋಗಿ, 2021ರಿಂದ ಖಾಲಿ ಬಿದ್ದ ಸಭಾಂಗಣದ ಕುರ್ಚಿಗಳನ್ನು ನೋಡಿ ಬರಬಹುದು.